ಅಕ್ಷರವಿಲ್ಲದ ಮೂವತ್ತು ಪುಸ್ತಕ

ಎರಡನೇ ತರಗತಿಯ ಮೇಷ್ಟ್ರ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಅವರ ಕಷ್ಟಗಳೆಲ್ಲ ಶುರುವಾದದ್ದೇ ಅಲ್ಲಿಂದ.

ಶಾಲೆಯಲ್ಲಿ ಏನೇ ಬರೆಯುವುದಿರಲಿ, ಕರೆ ಬರುತ್ತಿದ್ದದ್ದು ಅವರಿಗೆ. ಹಾಜರಿ ಪುಸ್ತಕಗಳ ಮೇಲಿನ ಹೆಸರು, ನಿವೃತ್ತರಾದವರ ಮಾನಪತ್ರ, ನೀರಿನ ತೊಟ್ಟಿಯ ಮೇಲಿನ 'ಕೈ ಅದ್ದಬೇಡಿ' ಎಲ್ಲವೂ ಅವರ ಕೈಯಿಂದಲೇ ಆಗಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಒಂದು ಪಾಠವನ್ನೂ ನೆಟ್ಟಗೆ ಮುಗಿಸಿದ ನೆನಪಿಲ್ಲ. ಆಮೆ ಮೊಲದ ಕಥೆಯಲ್ಲಿ ಮೊಲ ಇನ್ನೂ ಅರ್ಧ ದಾರಿ ಓಡಿರುವಾಗಲೇ ಬಾಗಿಲಲ್ಲಿ ಯಾರೋ ನಿಂತು "ಮೇಷ್ಟ್ರೇ, ಒಂದ್ ನಿಮಿಷ, ಒಂದ್ ಬೋರ್ಡು" ಎನ್ನುತ್ತಿದ್ದರು. ಊರೆಲ್ಲ ಅವರನ್ನು 'ಅಕ್ಷರದ ಮೇಷ್ಟ್ರು' ಎಂದು ಹೊಗಳುತ್ತಿತ್ತು. 'ಪಾಠದ ಮೇಷ್ಟ್ರು' ಎಂದು ಒಬ್ಬರಾದರೂ ಅಂದಿದ್ದರೆ ಅವರು ಆ ಒಬ್ಬರಿಗೆ ಜೀವಮಾನವಿಡೀ ಋಣಿಯಾಗಿರುತ್ತಿದ್ದರು.

ಇಂಥವರನ್ನು ಹೋದ ತಿಂಗಳು ಎರಡು ದಿನದ ತರಬೇತಿಗೆ ಕಳಿಸಿದರು. ವಿಷಯ: ಚಿತ್ರಪುಸ್ತಕಗಳ ಮೂಲಕ ಚಿಕ್ಕ ಮಕ್ಕಳಿಗೆ ಊಹೆ ಮಾಡಲು ಕಲಿಸುವುದು. ಮೇಷ್ಟ್ರು ಹೊಸ ನೋಟ್‌ಬುಕ್ಕು ಕೊಂಡು ಮುಂದಿನ ಕುರ್ಚಿಯಲ್ಲಿ ಕೂತರು. ತರಬೇತಿ ಕೊಡುವವರು ಬಂದವರೇ ಅವರ ನೋಟ್‌ಬುಕ್ಕಿನ ಮೇಲಿದ್ದ ಹೆಸರು ನೋಡಿ, "ಅಬ್ಬಬ್ಬಾ! ಇದು ನಿಮ್ಮ ಅಕ್ಷರಾನಾ?" ಎಂದರು. ಅಲ್ಲಿಗೆ ಮುಗಿಯಿತು. ಎರಡೂ ದಿನ ಪಕ್ಕದ ಕೋಣೆಯಲ್ಲಿ ಕೂತು ಅರವತ್ತು ಮಂದಿಯ ಸರ್ಟಿಫಿಕೇಟು ಬರೆದದ್ದಾಯಿತು. ಗೋಡೆಯಾಚೆಯಿಂದ ತರಬೇತಿಯವರ ದನಿ ಆಗಾಗ ಕೇಳುತ್ತಿತ್ತು: "ಹೇಗೆ ಗೊತ್ತಾಯ್ತು? ಚಿತ್ರದಲ್ಲಿ ತೋರಿಸಿ!" ಪಾಪ, ಯಾರಿಗೋ ಬೈಯುತ್ತಿದ್ದಾರೆ ಎಂದು ಮೇಷ್ಟ್ರು ಮರುಗಿದರು. ಕೊನೆಗೆ ಉಳಿದ ಒಂದು ಸರ್ಟಿಫಿಕೇಟಿನ ಮೇಲೆ ತಮ್ಮದೇ ಹೆಸರನ್ನು ಬರೆದುಕೊಂಡರು. ಅರವತ್ತರಲ್ಲಿ ಅದೇ ಸುಂದರವಾಗಿತ್ತು. ಅದಕ್ಕೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ನೇತುಹಾಕಿ, ಬಂದವರಿಗೆಲ್ಲ ತೋರಿಸತೊಡಗಿದರು. ತರಬೇತಿಯಲ್ಲಿ ಏನು ಕಲಿಸಿದರೆಂದು ಯಾರೂ ಕೇಳಲಿಲ್ಲ. ಅವರೂ ಹೇಳಲು ಹೋಗಲಿಲ್ಲ.

ಒಂದು ಶುಕ್ರವಾರ ಹೆಡ್‌ಮೇಡಂ ಅವರನ್ನು ಕರೆಸಿದರು.

"ಮೇಷ್ಟ್ರೇ, ಶಿಕ್ಷಣ ಇಲಾಖೆ ಸಾಹೇಬ್ರು ನಿಮ್ಮನ್ನ ಮೇಲಿನ ಆಫೀಸಿಗೆ ಎತ್ಕೊಂಡು ಹೋಗ್ತಾರಂತೆ. ಅಲ್ಲಿ ರಿಜಿಸ್ಟರ್ ಬರೆಯೋಕೆ ಒಳ್ಳೆ ಕೈ ಇಲ್ವಂತೆ. ಆರ್ಡರ್ ಟೈಪ್ ಆಗಿದೆ, ಸಹಿ ಒಂದೇ ಬಾಕಿ."

ಆಫೀಸೆಂದರೆ ಇನ್ನು ಅರ್ಧ ಪಾಠವೂ ಇಲ್ಲ, ಮಕ್ಕಳೂ ಇಲ್ಲ. "ಮೇಡಂ, ನನ್ನ ಕ್ಲಾಸು?"

"ನಾನು ಬಿಟ್ಟುಕೊಡ್ತೀನಾ? ಅವರು ಬರೀ ಅಕ್ಷರದವರಲ್ಲ ಸಾರ್, ಚಿತ್ರಪುಸ್ತಕದ ಪರಿಣತರು, ಸರ್ಟಿಫಿಕೇಟ್ ಇದೆ ಅಂದೆ. ಹಾಗಾದ್ರೆ ನೋಡೇಬಿಡೋಣ ಅಂದ್ರು. ಸೋಮವಾರ ಬರ್ತಾರೆ, ಆರು ಶಾಲೆ ಟೀಚರ್‌ಗಳನ್ನೂ ಕರ್ಕೊಂಡು. ನೀವು ಪಾಠ ಮಾಡಿ ತೋರಿಸ್ಬೇಕು. ಚೆನ್ನಾಗಾದ್ರೆ ಇಲ್ಲೇ ಇರ್ತೀರಿ. ಇಲ್ಲಾಂದ್ರೆ..." ಹೆಡ್‌ಮೇಡಂ ಗಾಳಿಯಲ್ಲಿ ಸಹಿ ಹಾಕಿ ತೋರಿಸಿದರು. "ಪುಸ್ತಕದ ಪೆಟ್ಟಿಗೆ ಬಂದಿದೆ, ತಗೊಂಡೋಗಿ."

ಮೇಷ್ಟ್ರು ಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡು ಮನೆಗೆ ತಂದರು. ಒಳಗೆ ಒಂದೇ ಪುಸ್ತಕದ ಮೂವತ್ತು ಪ್ರತಿ, ಮೇಲೊಂದು ತೆಳ್ಳಗಿನ ಕೈಪಿಡಿ. ಕೈಪಿಡಿ ಸರಿಯಾಗಿ ಕುಂಟು ಮೇಜಿನ ಕಾಲಿಗೆ ಒದಗಿತು. ಮೇಜು ಅಲುಗುವುದು ನಿಂತ ಮೇಲೆ ಮೇಷ್ಟ್ರು ಕನ್ನಡಕ ಏರಿಸಿ ಪುಸ್ತಕ ತೆರೆದರು. ಮೊದಲ ಪುಟದಲ್ಲಿ ಒಬ್ಬ ಮನುಷ್ಯ ಕೋಣೆಯಲ್ಲಿ ನಿಂತು ಸೂಟ್‌ಕೇಸು ಹಿಡಿದಿದ್ದಾನೆ. ಆಮೇಲೆ ಬೀದಿಯಲ್ಲಿ ಹೋಗುತ್ತಾನೆ, ಹಿಂದೆ ಒಂದು ನಾಯಿ. ರೈಲ್ವೆ ಸ್ಟೇಷನ್ನು, ಬೆಂಚು, ರೈಲು. ಹನ್ನೊಂದನೇ ಪುಟದಲ್ಲಿ ಬೆಂಚು ಖಾಲಿ, ರೈಲಿನ ಬಾಲ ಮಾತ್ರ ಕಾಣುತ್ತಿದೆ. ಹನ್ನೆರಡನೇ ಪುಟದಲ್ಲಿ ಮನೆಯ ಬಾಗಿಲು, ಅದರ ಮುಂದೆ ಮಲಗಿದ ನಾಯಿ. ಎಲ್ಲ ಚೆನ್ನಾಗಿದೆ. ಆದರೆ ಒಂದಕ್ಷರವಿಲ್ಲ!

ಮೇಷ್ಟ್ರು ಎರಡನೇ ಪ್ರತಿ ತೆರೆದರು. ಇಲ್ಲ. ಮೂವತ್ತನೆಯದರವರೆಗೂ ತೆರೆದರು. ಇಲ್ಲ.

"ಲೇ, ನೋಡೇ ಇಲ್ಲಿ!" ಹೆಂಡತಿಯನ್ನು ಕೂಗಿದರು. "ಪ್ರೆಸ್ಸಿನವರು ಚಿತ್ರ ಅಚ್ಚು ಹಾಕಿ ಅಕ್ಷರ ಹಾಕೋದೇ ಮರೆತಿದ್ದಾರೆ. ಒಂದಲ್ಲ ಎರಡಲ್ಲ, ಮೂವತ್ತೂ!"

ಹೆಂಡತಿ ಪುಸ್ತಕ ತಿರುವಿ, "ಹೀಗೇ ಇರೋದೇನೋ ರೀ," ಎಂದಳು.

"ಅಕ್ಷರ ಇಲ್ಲದ ಪುಸ್ತಕ ಇರುತ್ತೇನೇ? ತರಬೇತಿಗೆ ಹೋದವನು ನಾನೋ ನೀನೋ?" ಎಂದು ಮೇಷ್ಟ್ರು ಗೋಡೆಯ ಸರ್ಟಿಫಿಕೇಟಿನ ಕಡೆ ನೋಡಿದರು. ಅದು ಅವರ ಪರವಾಗಿಯೇ ತೂಗಾಡುತ್ತಿತ್ತು.

ಬದಲಿ ಪುಸ್ತಕ ಬರಲು ತಿಂಗಳಾದೀತು, ಸೋಮವಾರ ಅಲ್ಲಿಯವರೆಗೆ ಕಾಯುವುದಿಲ್ಲ. ಹೀಗಾಗಿ ಪ್ರೆಸ್ಸಿನವರ ಲೋಪವನ್ನು ತಾವೇ ತುಂಬಿಕೊಡಲು ಮೇಷ್ಟ್ರು ಪಣ ತೊಟ್ಟರು. ಚಿತ್ರಗಳನ್ನು ಸರಸರನೆ ನೋಡಿ ಕಥೆ ಕಟ್ಟಿದರು: ಒಬ್ಬ ಮೂರ್ಖ ಯಾರಿಗೂ ಹೇಳದೆ ಮನೆ ಬಿಟ್ಟು ರೈಲು ಹತ್ತಿ ಹೋದ, ಅವನ ನಾಯಿ ಬಾಗಿಲಲ್ಲಿ ಉಪವಾಸ ಬಿದ್ದು ಅತ್ತಿತು, ಆದ್ದರಿಂದ ಮಕ್ಕಳೇ, ಹಿರಿಯರಿಗೆ ಹೇಳದೆ ಎಲ್ಲೂ ಹೋಗಬೇಡಿ. ಒಂದು ಪ್ರತಿಗೆ ಹನ್ನೆರಡು ಸಾಲು, ಮೂವತ್ತು ಪ್ರತಿಗೆ ಮುನ್ನೂರ ಅರವತ್ತು. ಶನಿವಾರ ರಜೆ ಹಾಕಿ ಬೆಳಗ್ಗೆ ನೀಲಿ ಮಸಿಯಲ್ಲಿ ಬರೆಯಲು ಕೂತವರು ರಾತ್ರಿಯ ಹೊತ್ತಿಗೆ ಹದಿನೈದು ಪ್ರತಿ ಮುಗಿಸಿದರು. ಕೈ ಮಣಿಕಟ್ಟಿನಿಂದ ಕಳಚಿ ಬೀಳುತ್ತದೋ ಎನ್ನಿಸಿತು.

ಭಾನುವಾರ ಮನೆಮಂದಿ ನೆರವಿಗೆ ಬಂದರು. ಹೆಂಡತಿ ಆರು ಪ್ರತಿ ತೆಗೆದುಕೊಂಡಳು. ಕೋರ್ಟಿನಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದು ಈಗ ಮಗಳ ಮನೆಯಲ್ಲಿರುವ ಮಾವ ಐದು ತೆಗೆದುಕೊಂಡರು. ಎದುರುಮನೆಯ ಟೈಲರ್ ಮೇಷ್ಟ್ರ ಅಂಗಿಗೆ ಯಾವ ಗುಂಡಿ ಹಾಕಲಿ ಎಂದು ಕೇಳಲು ಬಂದವನು ನಾಲ್ಕು ಪ್ರತಿ ಕಂಕುಳಲ್ಲಿಟ್ಟುಕೊಂಡು ಹೋದ. "ನಾನು ಬರೆದಿರೋದನ್ನ ನೋಡ್ಕೊಂಡು ಹಾಗೇ ಬರೀರಿ," ಎಂದು ಮೇಷ್ಟ್ರು ಎಲ್ಲರಿಗೂ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಆದರೆ ಕೈಯಲ್ಲಿ ಪೆನ್ನು, ಎದುರಿಗೆ ಚಿತ್ರ, ಪಕ್ಕದಲ್ಲಿ ಖಾಲಿ ಜಾಗ ಇರುವಾಗ ಇನ್ನೊಬ್ಬರ ಕಥೆಯನ್ನು ಬರೆಯುವಷ್ಟು ಸಂಯಮ ಯಾರಿಗಿರುತ್ತದೆ? ಸಂಜೆ ಪ್ರತಿಗಳು ವಾಪಸು ಬಂದಾಗ ಮೇಷ್ಟ್ರು ಎಣಿಸಿ ಪೆಟ್ಟಿಗೆಗೆ ತುಂಬಿದರೇ ಹೊರತು ತೆರೆದು ನೋಡಲಿಲ್ಲ. ಹೆಂಡತಿ ಅವರ ಬಲಗೈಗೆ ಎಣ್ಣೆ ತಿಕ್ಕಿ ಬಿಳಿ ಬಟ್ಟೆಯ ಪಟ್ಟಿ ಕಟ್ಟಿದಳು.

ಸೋಮವಾರ ತರಗತಿಯಲ್ಲಿ ಮೂವತ್ತು ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕೂತಿದ್ದರು. ಹಿಂದೆ ಗೋಡೆಗೊರಗಿ ಆರು ಶಾಲೆಗಳ ಇಪ್ಪತ್ತನಾಲ್ಕು ಟೀಚರ್‌ಗಳು, ಕಿಟಕಿಯ ಪಕ್ಕ ಹೆಡ್‌ಮೇಡಂ, ನಡುವಿನ ಕುರ್ಚಿಯಲ್ಲಿ ಸಾಹೇಬರು. ಅವರ ಕೈಚೀಲದಿಂದ ಆರ್ಡರಿನ ಹಾಳೆಯ ಒಂದು ಮೂಲೆ ಇಣುಕುತ್ತಿತ್ತು. ಮೇಷ್ಟ್ರಿಗೆ ಆ ಮೂಲೆಯೇ ಕಾಣುತ್ತಿತ್ತು.

ಪುಸ್ತಕ ಹಂಚಿದ್ದಾಯಿತು. ಸಾಹೇಬರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಟೀಚರ್‌ಗಳೇ, ಇವತ್ತಿನ ಪುಸ್ತಕದ ವಿಶೇಷ ಏನು ಗೊತ್ತಾ? ಇದರಲ್ಲಿ ಒಂದಕ್ಷರವೂ ಇಲ್ಲ! ಬೇಕೂಂತಲೇ ಬಿಟ್ಟಿದ್ದಾರೆ. ಮಗು ಚಿತ್ರ ನೋಡಿ, ಗುರುತು ಹಿಡಿದು, ಕಥೆಯನ್ನ ತಾನೇ ಊಹಿಸ್ಬೇಕು. ಅಕ್ಷರ ಇದ್ರೆ ಎಲ್ಲಾ ಹಾಳು. ಹೂಂ, ಶುರುಮಾಡಿ ಮೇಷ್ಟ್ರೇ."

ಮೇಷ್ಟ್ರ ಮುಖ ಬೆಳ್ಳಗಾಯಿತು. ಕಣ್ಣ ಮುಂದೆ ಮುನ್ನೂರ ಅರವತ್ತು ಸಾಲುಗಳು ಸಾಲುಗಟ್ಟಿ ನಿಂತವು. "ಮಕ್ಕಳೇ," ಎಂದರು ಕ್ಷೀಣ ದನಿಯಲ್ಲಿ, "ಪುಸ್ತಕ ತೆಗೀಬೇಡಿ."

ಎರಡನೇ ತರಗತಿಯ ಮಕ್ಕಳಿಗೆ ಪುಸ್ತಕ ತೆಗೆಯಬೇಡಿ ಎಂದರೆ ಏನಾಗುತ್ತದೋ ಅದೇ ಆಯಿತು. ಮುಂದಿನ ಎರಡು ಹಲ್ಲು ಬಿದ್ದುಹೋಗಿದ್ದ ಬೊಚ್ಚ ಎಂಬವನು ಎದ್ದು ನಿಂತು ಗಟ್ಟಿಯಾಗಿ ಓದಿದ: "ಸದರಿ ವ್ಯಕ್ತಿಯು ಸದರಿ ದಿನ ಬೆಳಗ್ಗೆ ಸದರಿ ನಾಯಿಯ ಸಮೇತ ಸದರಿ ಮನೆಯಿಂದ ಪರಾರಿಯಾಗಿರುತ್ತಾನೆ."

ಸಾಹೇಬರು ಕಿವಿಯಲ್ಲಿ ಬೆರಳಾಡಿಸಿಕೊಂಡರು. "ಏನಂದೆ ಮರಿ?"

"ಸದರಿ, ಸಾರ್."

ಮಾವ! ಮೇಷ್ಟ್ರು ತಲೆಯ ಮೇಲೆ ಕೈಯಿಟ್ಟುಕೊಂಡರು. ಅಷ್ಟರಲ್ಲಿ ಕಿಟಕಿಯ ಕಡೆಯಿಂದ ಇನ್ನೊಬ್ಬಳು ಎದ್ದಳು. "ಸಾರ್, ನನ್ನ ಬುಕ್ಕಲ್ಲಿ ಹಾಗಿಲ್ಲ. ಈ ಗಂಡ ಯಾವಾಗ್ಲೂ ಬರೀತಾ ಕೂತಿರ್ತಾನಂತೆ, ಭಾನುವಾರಾನೂ. ಅದಕ್ಕೆ ಹೆಂಡ್ತಿ ಕೋಪ ಮಾಡ್ಕೊಂಡು ಅಮ್ಮನ ಮನೆಗೆ ಹೋಗಿದ್ದಾಳಂತೆ. ಈಗ ಕ್ಷಮೆ ಕೇಳೋಕೆ ಹೋಗ್ತಿದ್ದಾನೆ."

ಹಿಂದೆ ನಿಂತ ಟೀಚರ್‌ಗಳಲ್ಲಿ ಇಬ್ಬರು ಮೇಷ್ಟ್ರನ್ನು ಅನುಕಂಪದಿಂದ ನೋಡಿದರು.

"ನಂದ್ರಲ್ಲಿ ಅದೂ ಇಲ್ಲ," ಎಂದ ಮೂರನೆಯವನು. "ಇವನ ಕೋಟಿನ ಎಡತೋಳು ಒಂದಿಂಚು ಉದ್ದ ಆಗಿದೆ. ಒಳ್ಳೆ ಟೈಲರ್ ಎದುರುಮನೆಯಲ್ಲೇ ಇದ್ರೂ ಬುದ್ಧಿ ಇಲ್ದೆ ಬೇರೆ ಊರಿಗೆ ಹೊಲಿಸೋಕೆ ಹೋಗ್ತಾನೆ."

ತರಗತಿ ಸಂತೆಯಾಯಿತು. ಪ್ರತಿಯೊಬ್ಬರೂ ತಮ್ಮ ಪುಸ್ತಕವೇ ಸರಿ, ಪಕ್ಕದವರದು ಸುಳ್ಳು ಎಂದು ಕೂಗತೊಡಗಿದರು. ಹೆಡ್‌ಮೇಡಂ ಕಿಟಕಿಯ ಹೊರಗೆ ಏನೋ ಮಹತ್ವದ್ದು ಇರುವಂತೆ ಅತ್ತ ತಿರುಗಿದರು. ಸಾಹೇಬರ ಕೈ ಚೀಲದತ್ತ ಹೋಯಿತು. ಎರಡು ದಿನದ ತರಬೇತಿಯಿಂದ ಮೇಷ್ಟ್ರ ಬಳಿ ಉಳಿದದ್ದು ಗೋಡೆಯಾಚೆಯಿಂದ ಕೇಳಿದ ಬೈಗುಳ ಒಂದೇ. ಮೇಜು ಗುದ್ದಿ ಅದನ್ನೇ ಬೈದುಬಿಟ್ಟರು.

"ಹೇಗೆ ಗೊತ್ತಾಯ್ತು? ಚಿತ್ರದಲ್ಲಿ ತೋರಿಸಿ!"

ಗದ್ದಲ ತಟ್ಟನೆ ನಿಂತಿತು. ಅರವತ್ತು ಕಣ್ಣುಗಳು ಅಕ್ಷರ ಬಿಟ್ಟು ಚಿತ್ರಕ್ಕೆ ಇಳಿದವು. ಮೊದಲು ಕೈಯೆತ್ತಿದವಳು ಮುಂದಿನ ಬೆಂಚಿನ ಯಾಕಮ್ಮ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಆದರೆ ದಿನಕ್ಕೆ ಐವತ್ತು ಸಲ 'ಯಾಕೆ' ಎನ್ನುವ ಹುಡುಗಿಯನ್ನು ಬೇರೆ ಹೆಸರಿನಿಂದ ಕರೆಯಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ.

"ಸಾರ್, ಇವನು ಓಡಿಹೋಗ್ತಿಲ್ಲ."

"ಹೇಗೆ ಗೊತ್ತಾಯ್ತು?" ಎಂದರು ಮೇಷ್ಟ್ರು. ಈ ಸಲ ಬೈಗುಳವಾಗಿ ಬರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

"ಬಾಗಿಲಿಗೆ ಬೀಗ ಹಾಕಿಲ್ಲ. ಒಲೆ ಮೇಲೆ ಪಾತ್ರೆ ಇದೆ, ಹೊಗೆ ಬರ್ತಿದೆ. ಓಡಿಹೋಗೋರು ಅಡುಗೆ ಇಟ್ಟು ಹೋಗ್ತಾರಾ?"

ಮೇಷ್ಟ್ರು ಪುಸ್ತಕವನ್ನು ಕಣ್ಣಿನ ಹತ್ತಿರ ತಂದರು. ಹೌದು, ಹೊಗೆ. ತಾವೇ ಆ ಹೊಗೆಯ ಪಕ್ಕದಲ್ಲಿ ಹದಿನೈದು ಸಲ 'ಮೂರ್ಖ' ಎಂದು ದುಂಡಗೆ ಬರೆದಿದ್ದರು.

"ಸೂಟ್‌ಕೇಸು ಖಾಲಿ ಸಾರ್," ಎಂದ ಬೊಚ್ಚ. "ಒಂದೇ ಬೆರಳಲ್ಲಿ ಹಿಡ್ಕೊಂಡಿದ್ದಾನೆ. ನಮ್ಮಪ್ಪ ತುಂಬಿದ ಸೂಟ್‌ಕೇಸು ಎತ್ತಿದ್ರೆ ಮುಖ ಹೀಗಾಗುತ್ತೆ." ಅವನು ಮಾಡಿ ತೋರಿಸಿದ. ಸಾಹೇಬರಿಗೆ ಕೂಡ ಸೊಂಟ ನೋವು ಬಂದಂತಾಯಿತು.

"ಮೇಜಿನ ಮೇಲೆ ಎರಡು ಲೋಟ!"

"ಎರಡು ಹಾಸಿಗೆ, ಒಂದಕ್ಕೆ ಹೊಸ ಹೊದಿಕೆ!"

"ಯಾರೋ ಬರ್ತಾರೆ ಸಾರ್! ಕರ್ಕೊಂಡು ಬರೋಕೆ ಹೋಗಿದ್ದಾನೆ, ಅವರ ಸಾಮಾನು ತುಂಬೋಕೆ ಖಾಲಿ ಸೂಟ್‌ಕೇಸು!"

"ಹೆಂಡ್ತಿ!" ಎಂದು ಕಿಟಕಿಯ ಹುಡುಗಿ ಪಟ್ಟು ಬಿಡಲಿಲ್ಲ.

"ಅಲ್ಲ," ಎಂದಳು ಯಾಕಮ್ಮ. "ಕೊನೆ ಪುಟದಲ್ಲಿ ಬಾಗಿಲ ಹತ್ರ ಎರಡು ಜೊತೆ ಚಪ್ಪಲಿ. ಒಂದು ದೊಡ್ಡದು, ಒಂದು ಚಿಕ್ಕದು, ಹಳೇದು. ಕಿಟಕಿ ಮೇಲೆ ಕನ್ನಡಕ. ಮೊದಲ ಪುಟದಲ್ಲಿ ಗೋಡೆ ಮೇಲೆ ಅಜ್ಜಿ ಫೋಟೋ ಇದೆ, ಅದೇ ಕನ್ನಡಕ. ಅವರಮ್ಮ ಬಂದಿದ್ದಾರೆ."

"ಹಾಗಾದ್ರೆ ನಾಯಿ ಯಾಕೆ ಉಪವಾಸ ಬಿದ್ದು ಅಳ್ತಿದೆ?" ಮೇಷ್ಟ್ರು ತಮ್ಮ ಕಥೆಯ ಮಾನ ಉಳಿಸಲು ಕೊನೆಯ ಪ್ರಯತ್ನ ಮಾಡಿದರು.

ಮಕ್ಕಳು ಗೊಳ್ಳೆಂದು ನಕ್ಕರು. "ಅಳ್ತಿಲ್ಲ ಸಾರ್! ತಟ್ಟೆ ನೆಕ್ಕಿ ಖಾಲಿ ಮಾಡಿದೆ, ಮೂಗಿಗೆ ಅನ್ನ ಮೆತ್ತಿದೆ. ಹೊಟ್ಟೆ ತುಂಬಿ ಮಲಗಿದೆ!"

ಮೇಷ್ಟ್ರು ನೋಡಿದರು. ನಾಯಿಯ ಮೂಗಿನ ಮೇಲೆ ಎರಡು ಅಗುಳು ಇದ್ದವು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರು ಒಂದು ಪಾಠವನ್ನು ಕೊನೆಯ ಪುಟದವರೆಗೆ ಮಾಡಿದ್ದರು. ಬೋರ್ಡು ಬರೆಯಲು ಯಾರೂ ಕರೆದಿರಲಿಲ್ಲ. ಮಕ್ಕಳ ಮುಖಗಳನ್ನು ನೋಡುತ್ತ ಅವರಿಗೆ ಸಾಹೇಬರು ಇದ್ದಾರೆನ್ನುವುದೇ ಮರೆತುಹೋಯಿತು.

ಸಾಹೇಬರು ಮರೆತಿರಲಿಲ್ಲ. ಆರೇಳು ಪುಸ್ತಕ ಎತ್ತಿ ತಿರುವಿ ನೋಡಿ, "ಅದು ಸರಿ. ಆದ್ರೆ ಸರ್ಕಾರದ ಪುಸ್ತಕದ ಮೇಲೆ ಇದೇನು ಗೀಚಾಟ?" ಎಂದರು.

ಹೆಡ್‌ಮೇಡಂ ಮಿಂಚಿನಂತೆ ಕಿಟಕಿಯಿಂದ ತಿರುಗಿದರು. "ಅದೇ ಸಾರ್ ನಮ್ಮ ಮೇಷ್ಟ್ರ ಹೊಸ ವಿಧಾನ! ಬೇಕೂಂತಲೇ ತಪ್ಪು ತಪ್ಪು ಕಥೆ ಬರೆಸಿ, ಮಕ್ಕಳು ಅದನ್ನ ಚಿತ್ರ ನೋಡಿ ಹಿಡೀತಾರೋ ಇಲ್ವೋ ಅಂತ ಪರೀಕ್ಷೆ!"

ಇಪ್ಪತ್ತನಾಲ್ಕು ಟೀಚರ್‌ಗಳೂ ಒಟ್ಟಿಗೆ ನೋಟ್‌ಬುಕ್ಕು ತೆಗೆದು 'ಹೊಸ ವಿಧಾನ' ಎಂದು ಬರೆದುಕೊಂಡರು. ಒಬ್ಬರು ಮಸಿ ನೀಲಿಯೇ ಆಗಬೇಕೇ ಎಂದೂ ಕೇಳಿದರು. ಮೇಷ್ಟ್ರಿಗೆ ಬದುಕಿಕೊಂಡೆ ಎನ್ನಿಸಿತು. ಆದರೆ ಸಾಹೇಬರಿಗೆ ಹುರುಪು ಬಂದುಬಿಟ್ಟಿತ್ತು. ಮೇಷ್ಟ್ರು ಬರೆದಿದ್ದ ಒಂದು ಪ್ರತಿಯನ್ನು ಎತ್ತಿಹಿಡಿದು ಮಕ್ಕಳನ್ನೇ ಕೇಳಿದರು.

"ಇದನ್ನ ಬರೆದವರು ಯಾರು? ಯಾಕೆ ಬರೆದ್ರು? ಊಹೆ ಮಾಡಿ ನೋಡೋಣ."

ಯಾಕಮ್ಮನ ಕೈ ಮೇಲಿತ್ತು. ಮೇಷ್ಟ್ರು ಕಣ್ಣಲ್ಲೇ 'ಬೇಡ' ಎಂದರು. ಅವಳು ಅದನ್ನು ನೋಡಿದಳು. ಅದೂ ಅವಳಿಗೆ ಒಂದು ಗುರುತಾಯಿತು.

"ನಮ್ಮ ಸಾರ್ ಬರೆದಿದ್ದು. ನೀರಿನ ತೊಟ್ಟಿ ಮೇಲೆ ಇದೇ ಅಕ್ಷರ ಇದೆ. ಸಾರ್ ಬೆರಳಲ್ಲಿ ನೀಲಿ ಇದೆ, ಕೈಗೆ ಪಟ್ಟಿ ಇದೆ."

"ಸರಿ. ಪರೀಕ್ಷೆ ಮಾಡೋಕೆ ಬರೆದಿದ್ದಾ?"

"ಅಲ್ಲ. ನೀವು ಪುಸ್ತಕದಲ್ಲಿ ಅಕ್ಷರ ಇಲ್ಲ ಅಂದಾಗ ಸಾರ್ ಹೆದರಿಬಿಟ್ರು, ಮುಖ ಬೆಳ್ಳಗಾಯ್ತು. ಮೊದಲೇ ಗೊತ್ತಿದ್ರೆ ಯಾಕೆ ಹೆದರ್ತಿದ್ರು? ಅಕ್ಷರ ಹಾಕೋದು ಮರ್ತಿದ್ದಾರೆ ಅಂದ್ಕೊಂಡಿದ್ದಾರೆ. ಅಕ್ಷರ ಇಲ್ದಿದ್ರೆ ನಮಗೆ ಕಥೆ ಗೊತ್ತಾಗಲ್ಲ ಅಂದ್ಕೊಂಡಿದ್ದಾರೆ."

ಹೆಡ್‌ಮೇಡಂ ಮತ್ತೆ ಕಿಟಕಿಗೆ ತಿರುಗಿದರು. ಯಾಕಮ್ಮ ಪುಸ್ತಕದ ಕೊನೆಯ ಪುಟ ತೋರಿಸಿದಳು.

"ಇಲ್ಲಿ ಅಕ್ಷರ ನಡುಗಿದೆ ನೋಡಿ. ಕೈ ನೋವು ಬಂದಿದೆ. ಆದ್ರೂ ಬಿಟ್ಟಿಲ್ಲ. ನಮಗೋಸ್ಕರ ಬರೆದಿದ್ದಾರೆ."

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಅವರ ಮುಖ ಇಂಗು ತಿಂದ ಮಂಗನಂತಾಗಬೇಕಿತ್ತು. ಆಗಲಿಲ್ಲ. ಏಳು ವರ್ಷದ ಹುಡುಗಿ ನೀರಿನ ತೊಟ್ಟಿ, ಬೆರಳು, ಮುಖದ ಬಣ್ಣ, ನಡುಗಿದ ಸಾಲು ಎಲ್ಲವನ್ನೂ ಕೂಡಿಸಿ ತಮ್ಮನ್ನು ಪುಸ್ತಕದಂತೆ ಓದಿಬಿಟ್ಟಿದ್ದಾಳೆ. ಅವಳು ತಮ್ಮ ತರಗತಿಯವಳು! ಮೇಷ್ಟ್ರು ಕೋಟು ಸರಿಮಾಡಿಕೊಂಡು, ಎದೆ ಮುಂದೆ ಮಾಡಿ, ಸಾಹೇಬರ ಕಣ್ಣಲ್ಲಿ ಕಣ್ಣಿಟ್ಟು ನಿಂತು, ಆಮೇಲೆ ಅವಳತ್ತ ತಿರುಗಿದರು.

"ಸರಿ ಉತ್ತರ. ಕೂತ್ಕೋ."

ಊಟದ ಬಿಡುವಾಯಿತು. ಮೇಷ್ಟ್ರು ಪಟ್ಟಿ ಬಿಚ್ಚಿ ಕೈ ತೊಳೆದು, ಗಾಬರಿಯಲ್ಲಿ ಏನು ತಿಂದರೋ ತಿಳಿಯದೆ ಊಟ ಮುಗಿಸಿ, ಮತ್ತೆ ಪಟ್ಟಿ ಕಟ್ಟಿಕೊಂಡು ತರಗತಿಗೆ ಬಂದರು. ಸಾಹೇಬರು ಮೇಜಿನ ಮೇಲೆ ಚೀಲ ಬರಿದು ಮಾಡುತ್ತಿದ್ದರು. ಒಂದು ಕಡೆ ಆರ್ಡರು, ಇನ್ನೊಂದು ಕಡೆ ಇಪ್ಪತ್ತನಾಲ್ಕು ಖಾಲಿ ಸರ್ಟಿಫಿಕೇಟು.

"ಮೇಷ್ಟ್ರೇ, ಪಾಠ ಆಯ್ತು, ಸಂತೋಷ. ಆರ್ಡರ್ ವಿಷಯ ಆಮೇಲೆ ನೋಡೋಣ. ಸದ್ಯಕ್ಕೆ ಈ ಟೀಚರ್‌ಗಳ ಹೆಸರು ಬರೆದುಕೊಟ್ಟುಬಿಡಿ. ನಿಮ್ಮಂಥ ಕೈ ಎಲ್ಲಿ ಸಿಗುತ್ತೆ? ಮಕ್ಕಳು ಅಷ್ಟು ಹೊತ್ತು ಸುಮ್ನೆ ಕೂತಿರ್ತಾರೆ."

ಮೇಷ್ಟ್ರು ಮಕ್ಕಳ ಕಡೆ ನೋಡಿದರು. ಮೂವತ್ತು ಮಂದಿಯೂ ಪುಸ್ತಕವನ್ನು ಮತ್ತೆ ಮೊದಲ ಪುಟಕ್ಕೆ ತಿರುಗಿಸಿ ಕಾಯುತ್ತಿದ್ದರು. ಇಪ್ಪತ್ತೆರಡು ವರ್ಷ 'ಇಲ್ಲ' ಎನ್ನಲು ಬಾರದ ಮನುಷ್ಯ ಅಂದು ಪಟ್ಟಿ ಕಟ್ಟಿದ ಕೈಯನ್ನು ನಿಧಾನವಾಗಿ ಎತ್ತಿ, ಅದನ್ನು ಇನ್ನೊಂದು ಕೈಯಿಂದ ಆಧರಿಸಿ ಹಿಡಿದು, ಸಾಕಷ್ಟು ನರಳಿದರು.

"ಅಯ್ಯೋ, ಕೈ ಎತ್ತೋಕೇ ಆಗ್ತಿಲ್ಲ ಸಾರ್. ಪೆನ್ನು ಹಿಡಿಯೋದು ದೂರದ ಮಾತು. ಡಾಕ್ಟರು ಇನ್ನು ವರ್ಷಗಟ್ಟಲೆ ಬರೀಬೇಡಿ ಅಂದಿದ್ದಾರೆ."

"ಛೆ ಛೆ," ಎಂದು ಸಾಹೇಬರು ಮರುಗಿದರು. "ಅಷ್ಟೊಂದು ನೋವಾ?"

ಮುಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು.

"ಸಾರ್, ಬೆಳಗ್ಗೆ ಪಟ್ಟಿ ಬಲಗೈಲಿತ್ತು. ಈಗ ಎಡಗೈಲಿದೆ."

ಸಾಹೇಬರು ಬಗ್ಗಿ ನೋಡಿದರು. ಹೆಡ್‌ಮೇಡಂ ಬಗ್ಗಿ ನೋಡಿದರು. ಇಪ್ಪತ್ತನಾಲ್ಕು ಟೀಚರ್‌ಗಳೂ ಬಗ್ಗಿ ನೋಡಿದರು. ಪಟ್ಟಿ ಎಡಗೈಯಲ್ಲಿತ್ತು, ಬಲಗೈ ಅದನ್ನು ಗಟ್ಟಿಮುಟ್ಟಾಗಿ ಹಿಡಿದುಕೊಂಡಿತ್ತು. ಸಾಹೇಬರು ಗಂಭೀರವಾಗಿ ಯಾಕಮ್ಮನತ್ತ ತಿರುಗಿದರು.

"ಹಾಗಾದ್ರೆ ನಿಮ್ಮ ಸಾರ್ ಯಾಕಮ್ಮಾ ಸುಳ್ಳು ಹೇಳ್ತಿದ್ದಾರೆ?"

"ನಮ್ಮನ್ನ ಬಿಟ್ಟು ಬರೆಯೋಕೆ ಹೋಗೋದು ಅವರಿಗೆ ಇಷ್ಟ ಇಲ್ಲ."

ಸಾಹೇಬರು ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಆರ್ಡರಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, "ಹೆಡ್‌ಮೇಡಂ, ನಿಮ್ಮ ಪಾಠದ ಮೇಷ್ಟ್ರನ್ನ ನೀವೇ ಇಟ್ಕೊಳ್ಳಿ," ಎಂದು ಜೇಬಿಗೆ ತುರುಕಿದರು. ಸರ್ಟಿಫಿಕೇಟುಗಳ ಮೇಲೆ ತಾವೇ ಹೆಸರು ಬರೆಯಲು ಕೂತರು. ಕೋಳಿ ಕೆದರಿದ ಹಾಗಿತ್ತು ಅವರ ಅಕ್ಷರ.

ಪಾಠದ ಮೇಷ್ಟ್ರು! ಮೇಷ್ಟ್ರು ಸುಳ್ಳಿನ ಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಯಾಕಮ್ಮ ಇನ್ನೂ ನಿಂತೇ ಇದ್ದಳು, ತಾನು ಹೇಳಿದ್ದು ಸರಿಯೋ ತಪ್ಪೋ ಎಂದು ಅವರ ಮುಖವನ್ನೇ ನೋಡುತ್ತ. ಮೇಷ್ಟ್ರು ತಮ್ಮ ಪುಸ್ತಕವನ್ನೂ ಮೊದಲ ಪುಟಕ್ಕೆ ತಿರುಗಿಸಿದರು.

"ಸರಿ ಉತ್ತರ," ಎಂದರು. "ಕೂತ್ಕೋ."